ಟ್ಯಾಂಕರಿಗೆ ದಾರಿಯಾಯಿತು, ಕ್ಯಾನಿಗೆ?

ಕಳೆದ ಮಳೆಗಾಲದ ಒಂದು ರಾತ್ರಿ ಎಂಟೂವರೆಗೆ ಫೋನ್ ಬಂತು. "ಡಾಕ್ಟ್ರಮ್ಮ, ಎರಡು ಕಾಲು ಕಾಣ್ತವೆ, ತಲೆ ಕಾಣ್ತಿಲ್ಲ. ಸಾಯಂಕಾಲದಿಂದ ತಿಣುಕ್ತಾ ಅದೆ, ಬೇಗ ಬನ್ನಿ." ನಾನು ಆಗ ಹೆದ್ದಾರಿಯ ಈಚೆ ಬದಿಯ ಹಳ್ಳಿಯಲ್ಲಿ ಇನ್ನೊಂದು ಕೇಸು ಮುಗಿಸಿ ಕೈ ತೊಳೆಯುತ್ತಿದ್ದೆ. ಆ ಅಕ್ಕನ ಮನೆ ಆಚೆ ಬದಿಯಲ್ಲಿ. ನಿಂತ ಜಾಗದಿಂದ ಅವರ ಕೊಟ್ಟಿಗೆಯ ದೀಪ ಕಾಣುತ್ತಿತ್ತು. ಹೆಚ್ಚೆಂದರೆ ಅರ್ಧ ಕಿಲೋಮೀಟರು.

ಅಲ್ಲಿಗೆ ಮುಟ್ಟಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಹತ್ತಿರದ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು. ಗಾಡಿ ತಿರುಗಿಸಿಕೊಂಡು ಮುಂದಿನ ಅಂಡರ್‌ಪಾಸಿಗೆ ಹೋಗೋಣವೆಂದರೆ ಸರ್ವಿಸ್ ರಸ್ತೆ ಹಳ್ಳದ ಹತ್ತಿರ ನಿಂತುಹೋಗಿದೆ. ಊರೊಳಗಿನ ಸಂದಿಗೊಂದಿ ಹಿಡಿದು, ಇಬ್ಬರನ್ನು ದಾರಿ ಕೇಳಿ, ಸುತ್ತಿ ಬಳಸಿ ಹೋದೆ. ಕರುವಿನ ತಲೆ ಪಕ್ಕೆಯ ಕಡೆಗೆ ಹೊರಳಿಕೊಂಡಿತ್ತು. ಸರಿಮಾಡಿ ಎಳೆಯುವಷ್ಟರಲ್ಲಿ ಇನ್ನೊಂದು ಗಂಟೆ. ಹಸು ಉಳಿಯಿತು, ಕರು ಉಳಿಯಲಿಲ್ಲ. ಹೆಣ್ಣು ಕರು.

ಅರ್ಧ ಗಂಟೆ ಮುಂಚೆ ಹೋಗಿದ್ದರೆ ಉಳಿಯುತ್ತಿತ್ತೇ? ಖಂಡಿತ ಉಳಿಯುತ್ತಿತ್ತು ಎಂದು ಹೇಳಲಾರೆ. ನೀರುಬುಡ್ಡೆ ಒಡೆದ ಮೇಲೆ ಒಂದೊಂದು ಕಾಲು ಗಂಟೆಯೂ ಲೆಕ್ಕಕ್ಕೆ ಬರುತ್ತದೆ ಎಂಬುದಂತೂ ಖಂಡಿತ. ಆ ಅಕ್ಕ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಬಿಸಿನೀರು, ಸೋಪು ತಂದಿಟ್ಟರು. ಆಮೇಲೆ ಮೆಲ್ಲಗೆ, "ರೋಡಿಲ್ದಾಗ ಹಳೇ ಡಾಕ್ಟ್ರು ಗದ್ದೆ ಬದುವಿನ ಮೇಲೆ ನಡ್ಕೊಂಡೇ ಬತ್ತಿದ್ರು" ಅಂದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಈ ಸಂಚಿಕೆಗೆ ಕೆಚ್ಚಲು ಬಾವಿನ ಬಗ್ಗೆ ಬರೆಯಬೇಕೆಂದಿದ್ದವಳು ರಸ್ತೆಯ ಬಗ್ಗೆ ಬರೆಯುತ್ತಿರುವುದು ಅದಕ್ಕೇ.

ಬೆಂಗಳೂರು–ಮೈಸೂರು ಹೆದ್ದಾರಿ ನಿಮಗೆಲ್ಲ ಗೊತ್ತಿರುವುದೇ. ಸುಮಾರು 118 ಕಿಲೋಮೀಟರು. ನಡುವೆ ವೇಗದ ಗಾಡಿಗಳಿಗೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಹೋಗುವ ಬೈಪಾಸುಗಳು. 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯ ಜಿಲ್ಲೆಯಲ್ಲಿ ಇದನ್ನು ಉದ್ಘಾಟಿಸಿದರು. ಮೊದಲ ತಿಂಗಳುಗಳಲ್ಲಿ ಅಪಘಾತದಲ್ಲಿ ಹಲವರು ಜೀವ ಕಳೆದುಕೊಂಡ ಮೇಲೆ, ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿ ನಡುವಿನ ರಸ್ತೆಗೆ ಬರುವಂತಿಲ್ಲ ಎಂದು ಆದೇಶವಾಯಿತು. ಆ ಆದೇಶ ಸರಿ ಎಂದೇ ನನ್ನ ಅಭಿಪ್ರಾಯ. ನೂರರ ವೇಗದ ಕಾರಿನ ಮುಂದೆ ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ ಹೋಗಬಾರದು. ಆದರೆ ಹೋಗಬಾರದು ಎಂದ ಮೇಲೆ ಅದು ಹೋಗಬೇಕಾದ ದಾರಿ ಯಾವುದು ಎಂದೂ ಹೇಳಬೇಕಲ್ಲ. ಅಲ್ಲೇ ಇರುವುದು ನನ್ನ ತಕರಾರು.

ರಸ್ತೆಯೇ ಬೇಡ ಎನ್ನುವವಳು ನಾನಲ್ಲ. ನಮ್ಮ ಹಾಲು ಮಾರಾಟವಾಗುವುದು ಬೆಂಗಳೂರಿನಲ್ಲಿ. ಟ್ಯಾಂಕರು ಬೇಗ ಮುಟ್ಟಿದರೆ ನಮಗೇ ಒಳ್ಳೆಯದು. ಕಾಲುಬಾಯಿ ಲಸಿಕೆ ಐಸಿನಲ್ಲೇ ಬಂದು ಸೇರುತ್ತದೆ. ನಿಮ್ಮ ಮಗಳು ಬಿಡದಿಯ ಕಾರ್ಖಾನೆಯ ಪಾಳಿ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರುತ್ತಾಳೆ. ಹೆರಿಗೆ ನೋವು ಬಂದ ಸೊಸೆಯನ್ನು ದೊಡ್ಡಾಸ್ಪತ್ರೆಗೆ ಮುಟ್ಟಿಸಲು ಮುಂಚಿನಷ್ಟು ಹೊತ್ತು ಬೇಡ. ಇವೆಲ್ಲ ಸಣ್ಣ ಮಾತಲ್ಲ. ಆದರೆ ರಸ್ತೆಯ ಲಾಭ ಉದ್ದಕ್ಕೆ ಹೋಗುವವರಿಗೆ, ಕಷ್ಟ ಅಡ್ಡ ದಾಟುವವರಿಗೆ. ದಿನಕ್ಕೆ ನಾಲ್ಕು ಸಲ ಅಡ್ಡ ದಾಟುವವರು ಯಾರು? ಬೆಳಿಗ್ಗೆ ಹಾಲು ಹಾಕಲು, ಮಧ್ಯಾಹ್ನ ಹುಲ್ಲಿಗೆ, ಸಂಜೆ ಮತ್ತೆ ಹಾಲಿಗೆ, ನಡುವೆ ಬೆದೆಗೆ ಬಂದ ಹಸು ಹಿಡಿದುಕೊಂಡು. ನೀವೇ. ಗಂಡಸರು ಪೇಟೆಗೆ ಉದ್ದಕ್ಕೆ ಹೋಗುತ್ತಾರೆ. ಹೆದ್ದಾರಿಯ ನಕ್ಷೆ ಬರೆಯುವಾಗ ಉದ್ದದ ಲೆಕ್ಕವನ್ನು ಯಾರೋ ಹಾಕಿದ್ದಾರೆ, ಅಡ್ಡದ ಲೆಕ್ಕ ಹಾಕಿದವರು ಕಡಿಮೆ.

ಹಾಲಿನ ವಿಷಯವನ್ನೇ ನೋಡಿ. ಡೇರಿ ಹಳೇ ಊರಿನಲ್ಲಿದೆ, ಮನೆ ಹೊಸ ಬಡಾವಣೆಯಲ್ಲಿದೆ, ನಡುವೆ ಹೆದ್ದಾರಿ. ಮುಂಚೆ ಹತ್ತು ನಿಮಿಷದ ನಡಿಗೆ, ಈಗ ಅಂಡರ್‌ಪಾಸ್ ಸುತ್ತಿ ನಲವತ್ತು ನಿಮಿಷ. ಕರೆದ ಹಾಲು ಎರಡು ಮೂರು ಗಂಟೆಯೊಳಗೆ ಕೂಲರ್ ಸೇರಿ ತಣ್ಣಗಾಗಬೇಕು. ಅದು ಮೀರಿದರೆ ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ದುಪ್ಪಟ್ಟು, ಅದರ ದುಪ್ಪಟ್ಟು ಎಂದು ಏರುತ್ತಾ ಹೋಗುತ್ತದೆ. ನಮ್ಮ ಶಿಬಿರಗಳಲ್ಲಿ "ಕ್ಯಾನು ಶುಚಿಯಾಗಿಡಿ, ಕೈ ತೊಳೆಯಿರಿ" ಎಂದು ನಾವೇ ಭಾಷಣ ಮಾಡುತ್ತೇವೆ. ಕ್ಯಾನು ಎಷ್ಟು ತಿಕ್ಕಿದರೂ ದಾರಿಯಲ್ಲಿ ಕಳೆದ ಅರ್ಧ ಗಂಟೆ ವಾಪಸ್ ಬರುವುದಿಲ್ಲ. ಹಾಲು ಒಡೆದ ದಿನ ಕಾರ್ಯದರ್ಶಿಯ ಹತ್ತಿರ ಮಾತು ಕೇಳುವವರೂ ನೀವೇ.

ಸುತ್ತಿ ಹೋಗಲಾರದೆ ಕೆಲವರು ಬೇಲಿಯ ಸರಳು ಬಗ್ಗಿಸಿಕೊಂಡು ನೇರ ದಾಟುತ್ತಿದ್ದೀರಿ. ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಒಂದು ಲೆಕ್ಕ ಹೇಳುತ್ತೇನೆ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಮುಂದೆ ಬರುತ್ತದೆ. ತಲೆಯ ಮೇಲೆ ಇಪ್ಪತ್ತೈದು ಕಿಲೋ ಹುಲ್ಲಿನ ಹೊರೆ ಇಟ್ಟುಕೊಂಡು ಒಂದು ಬದಿಯ ಮೂರು ಪಥ ದಾಟಲು ನಿಮಗೆ ಕಡಿಮೆಯೆಂದರೂ ಹನ್ನೆರಡು ಸೆಕೆಂಡು ಬೇಕು. ಅಷ್ಟರಲ್ಲಿ ಆ ಕಾರು 330 ಮೀಟರು ಬಂದಿರುತ್ತದೆ. ನೀವು ಹೆಜ್ಜೆ ಇಟ್ಟಾಗ ಅದು ಕಣ್ಣಿಗೆ ಬಿದ್ದಿರಲೂ ಇಲ್ಲ. ಹೊರೆ ಹೊತ್ತವರಿಗೆ ಕತ್ತು ತಿರುಗಿಸಿ ನೋಡಲೂ ಆಗುವುದಿಲ್ಲ. ದಯವಿಟ್ಟು ದಾಟಬೇಡಿ. ಹುಲ್ಲು ಒಂದು ಹೊತ್ತು ತಡವಾದರೆ ಹಸು ಕೂಗುತ್ತದೆ, ಅಷ್ಟೇ.

ಬೆದೆಯ ಮಾತು ಹಾಗಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೂಜಿ ಹಾಕಿಸಬೇಕೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆ ಹೊತ್ತು ತಪ್ಪಿದರೆ ಮತ್ತೆ 21 ದಿನ. ರಸ್ತೆ ಆಚೆಯ ಕೆಲವು ಮನೆಗಳಲ್ಲಿ "ಇವತ್ತು ಬರಕ್ಕಾಗಲ್ಲ, ನಾಳೆ ಬತ್ತೀನಿ" ಎಂಬ ಉತ್ತರ ಈಚೆಗೆ ಹೆಚ್ಚಾಗಿದೆ. ಕೃತಕ ಗರ್ಭಧಾರಣೆ ಕಾರ್ಯಕರ್ತರನ್ನು ದೂರುವುದೂ ಕಷ್ಟ. ಅವರಿಗೆ ಸಿಗುವುದು ಕೇಸಿನ ಲೆಕ್ಕದಲ್ಲಿ, ಪೆಟ್ರೋಲು ಕಿಲೋಮೀಟರಿನ ಲೆಕ್ಕದಲ್ಲಿ. ಒಂದು ಬೆದೆ ತಪ್ಪಿದರೆ ಮೂರು ವಾರದ ಬೂಸಾ, ಹಿಂಡಿ, ಹುಲ್ಲು ಬರೀ ಖರ್ಚಿಗೆ. ವರ್ಷಕ್ಕೊಂದು ಕರು ಎಂಬ ನಮ್ಮ ಗೋಡೆ ಬರಹ ಗೋಡೆಯಲ್ಲೇ ಉಳಿಯುತ್ತದೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ರಸ್ತೆ ಬಂತು, ಊರುಗಳು ಎರಡು ಹೋಳಾದವು. ನಮ್ಮ ಪಶುವೈದ್ಯಕೀಯ ಮಾರ್ಗಗಳ ಪಟ್ಟಿ ಮಾತ್ರ ಹಳೆಯದೇ. ಹಳ್ಳಿಯ ಹೆಸರು ಒಂದೇ ಇದೆ ಎಂದು ಒಂದೇ ಮಾರ್ಗದಲ್ಲಿ ಇಟ್ಟಿದ್ದೇವೆ. ಆಚೆ ಬದಿಯ ಮನೆಗಳನ್ನು ಆಚೆ ಬದಿಯ ಮಾರ್ಗಕ್ಕೇ ಸೇರಿಸಿದರೆ ಅರ್ಧ ತೊಂದರೆ ಕಾಗದದ ಮೇಲೇ ಕಳೆಯುತ್ತದೆ. ಇದಕ್ಕೆ ದುಡ್ಡು ಬೇಡ, ಒಂದು ಮಧ್ಯಾಹ್ನ ಕೂತು ಪಟ್ಟಿ ತಿದ್ದಿದರೆ ಸಾಕು. ನಾನು ಕೇಳಿದ್ದೇನೆ. ನೀವೂ ಕೇಳಿ. ಡಾಕ್ಟರು ಕೇಳುವುದಕ್ಕಿಂತ ನೂರು ಜನ ಸದಸ್ಯೆಯರು ಕೇಳಿದರೆ ಫೈಲು ಬೇಗ ಓಡುತ್ತದೆ, ಇದು ನನ್ನ ಅನುಭವ.

ಕಾಮಗಾರಿ ನಡೆಯುವ ಕಡೆಯವರಿಗೆ ಎರಡು ಮಾತು. ಕಬ್ಬಿಣ ಕಟ್ಟುವ ಸಣ್ಣ ತಂತಿ ಚೂರು, ಮೊಳೆ ಮಣ್ಣಿನಲ್ಲಿ ಬೆರೆತಿರುತ್ತವೆ. ಹಸು ನಮ್ಮ ಹಾಗೆ ಆರಿಸಿ ತಿನ್ನುವುದಿಲ್ಲ, ನಾಲಗೆಯಲ್ಲಿ ಸುತ್ತಿ ನುಂಗುತ್ತದೆ. ತಂತಿ ಹೊಟ್ಟೆಯಿಂದ ಮುಂದಕ್ಕೆ ಚುಚ್ಚಿದರೆ ಹೃದಯದ ಪೊರೆಗೇ ಮುಟ್ಟುತ್ತದೆ. ಹಸು ಮುಂಗಾಲಿನ ಮೊಣಕೈ ಅಗಲಿಸಿ ನಿಲ್ಲುವುದು, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುವುದು, ಆಮೇಲೆ ಗಂಗೆದೊಗಲು ಊದುವುದು ಇದರ ಲಕ್ಷಣ. ಊದಿದ ಮೇಲೆ ಕರೆದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಕಾಮಗಾರಿ ಪಕ್ಕದ ಹುಲ್ಲು ಕೊಯ್ದು ತರಬೇಡಿ. ತಂದೇ ತೀರಬೇಕೆಂದರೆ ಕೊಡವಿ ಹಾಕಿ. ಹೊಟ್ಟೆಯಲ್ಲಿ ತಂತಿ ಹಿಡಿದಿಡುವ ಆಯಸ್ಕಾಂತ ನುಂಗಿಸುವ ಪದ್ಧತಿಯೂ ಇದೆ, ನಿಮ್ಮ ಡಾಕ್ಟರನ್ನು ಕೇಳಿ. ಇನ್ನೊಂದು, ಎಲ್ಲಿಂದಲೋ ತಂದು ಸುರಿದ ಮಣ್ಣಿನ ಜತೆ ಪಾರ್ಥೇನಿಯಂ ಬರುತ್ತದೆ. ಹೊಸ ರಸ್ತೆಯ ಏರಿಯ ತುಂಬ ಅದೇ. ಅದನ್ನು ತಿಂದ ಹಸುವಿನ ಹಾಲು ಕಹಿ. "ಹಾಲು ಯಾಕೋ ಕಹಿ ಆಗ್ತಿದೆ ಡಾಕ್ಟ್ರೇ" ಎಂದು ಬಂದವರ ಮನೆಯ ಹುಲ್ಲಿನ ಹೊರೆ ಬಿಚ್ಚಿ ನೋಡಿದರೆ ಉತ್ತರ ಅಲ್ಲೇ ಇರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಜಮೀನಿನದು.

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಸೇರಿದಾಗ ದೇವನಹಳ್ಳಿ ಹತ್ತಿರದ ವಿಮಾನ ನಿಲ್ದಾಣ ಆಗಷ್ಟೇ, 2008ರಲ್ಲಿ, ಶುರುವಾಗಿತ್ತು. ಕಾಲೇಜಿನ ಪಕ್ಕದ ಬಳ್ಳಾರಿ ರಸ್ತೆ ವರ್ಷ ವರ್ಷ ಅಗಲವಾಗುತ್ತಾ ಹೋಯಿತು. ಅದರ ಆಚೀಚೆಯ ಹಳ್ಳಿಗಳ ಕೊಟ್ಟಿಗೆಗಳಿಗೆ ನಾವು ಪ್ರಾಕ್ಟಿಕಲ್‌ಗೆ ಹೋಗುತ್ತಿದ್ದೆವು. ಒಬ್ಬ ಅಜ್ಜಿ ನಾಲ್ಕು ಸೀಮೆ ಹಸು ಇಟ್ಟುಕೊಂಡು, ಹುಡುಗಿಯರಾದ ನಮಗೆ ಮಜ್ಜಿಗೆ ಕೊಡದೆ ಕಳಿಸುತ್ತಿರಲಿಲ್ಲ. ನಾನು ಡಿಗ್ರಿ ಮುಗಿಸುವ ಹೊತ್ತಿಗೆ ಆ ಕೊಟ್ಟಿಗೆ ಇರಲಿಲ್ಲ. ದುಡ್ಡು ಬಂದಿತ್ತು, ಮನೆ ಎದುರು ದೊಡ್ಡ ಕಾರು ನಿಂತಿತ್ತು. ಅಜ್ಜಿ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. "ಏನಜ್ಜಿ, ಆರಾಮಾ?" ಅಂದೆ. "ಎಲೆ ಅಡಿಕೆಗೂ ಮಗನ್ನ ಕೇಳ್ಬೇಕು ಕಣವ್ವ" ಅಂದರು.

ರಸ್ತೆಗೆ ಹೋಗುವ ಜಮೀನಿನ ಪಹಣಿ ಹೆಚ್ಚಿನ ಮನೆಗಳಲ್ಲಿ ಗಂಡಸರ ಹೆಸರಿನಲ್ಲಿರುತ್ತದೆ. ಆದರೆ ಆ ಜಮೀನಿನ ಮೂಲೆಯ ಹತ್ತು ಗುಂಟೆ ಸೀಮೆ ಹುಲ್ಲು ನಿಮ್ಮದು. ನೀರಿದ್ದರೆ ಹತ್ತು ಗುಂಟೆಯಲ್ಲಿ ಎರಡು ಮೂರು ಹಸುವಿಗೆ ವರ್ಷವಿಡೀ ಹಸಿರು ಮೇವು ಬರುತ್ತದೆ. ದಿನಕ್ಕೆ ಹನ್ನೆರಡು ಲೀಟರು ಡೇರಿಗೆ ಹಾಕುತ್ತೀರಿ ಎನ್ನಿ, ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 12,600 ರೂಪಾಯಿ. ಅರ್ಧ ಖರ್ಚಿಗೆ ಕಳೆದರೂ 6,300. ಈ ಹಣ ನಿಮ್ಮ ಖಾತೆಗೆ, ನಿಮ್ಮ ಹೆಸರಿಗೆ ಬರುತ್ತದೆ. ಮಕ್ಕಳ ಫೀಸು, ಸಂಘದ ಸಾಲದ ಕಂತು, ಗ್ಯಾಸು, ತವರಿಗೆ ಹೋಗುವಾಗ ಕೈಯಲ್ಲೊಂದಿಷ್ಟು, ಎಲ್ಲ ಇದರಿಂದಲೇ. ಪರಿಹಾರದ ಹಣ ಒಂದೇ ಸಲ ದೊಡ್ಡದಾಗಿ ಬರುತ್ತದೆ, ಗಂಡನ ಖಾತೆಗೆ. ಬಟವಾಡೆ ಸಣ್ಣದಾಗಿ, ಆದರೆ ನಿಲ್ಲದೆ ಬರುತ್ತದೆ. ಜಮೀನು ಹೋದ ದಿನ ನಿಮ್ಮ ಬಟವಾಡೆಯೂ ಹೋಯಿತು ಎಂದು ಯಾವ ನೋಟೀಸಿನಲ್ಲೂ ಬರೆದಿರುವುದಿಲ್ಲ.

ಹಸು ಮಾರದೆ ಉಳಿಸಿಕೊಂಡವರ ಪಾಡನ್ನೂ ನೋಡುತ್ತಿದ್ದೇನೆ. ಹುಲ್ಲು ಇಲ್ಲ. ಕೊಂಡು ತರುವ ಹುಲ್ಲು ದುಬಾರಿ. ಹಿಂಡಿ ಜಾಸ್ತಿ ಮಾಡುತ್ತಾರೆ. ಅದೂ ಸಾಲದೆ ಛತ್ರದಲ್ಲಿ ಮಿಕ್ಕ ಅನ್ನ, ಹೋಟೆಲಿನ ಮುಸುರೆ ತಂದು ಹಾಕುತ್ತಾರೆ. ನಾರು ಕಡಿಮೆಯಾಗಿ ಹೊಟ್ಟೆ ಹುಳಿಯಾಗುತ್ತದೆ, ಹಸು ಮೆಲುಕು ಬಿಡುತ್ತದೆ, ಗೊರಸು ನೋಯುತ್ತದೆ, ಫ್ಯಾಟ್ ಇಳಿಯುತ್ತದೆ. ಒಂದು ಮದುವೆ ಸೀಸನ್ನಿನಲ್ಲಿ ಅನ್ನ ತಿಂದು ಮಲಗಿದ ಹಸುಗಳಿಗೇ ನಾನು ಬಾಟಲಿ ಏರಿಸಿದ್ದೇ ಏರಿಸಿದ್ದು. ರಸ್ತೆ ಹುಲ್ಲನ್ನು ತಿಂದಿತು, ಹಸು ಅನ್ನವನ್ನು ತಿಂದಿತು, ಬಿಲ್ಲು ನಿಮ್ಮ ಮನೆಗೆ.

ಹೊಸ ರಸ್ತೆಗಳು ಇನ್ನೂ ಬರುತ್ತಿವೆ. ಬೆಂಗಳೂರಿನ ಸುತ್ತ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿಗಳನ್ನು ಜೋಡಿಸುವ ಸ್ಯಾಟಲೈಟ್ ಟೌನ್ ವರ್ತುಲ ರಸ್ತೆಯೇ ಸುಮಾರು 280 ಕಿಲೋಮೀಟರು. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಕಡೆಗೆ ಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇರೆ. ಈ ಊರುಗಳ ಹೆಸರು ಓದಿದರೆ ಹಾಲಿನ ಊರುಗಳ ಪಟ್ಟಿ ಓದಿದಂತೆಯೇ ಇದೆ. ಮೈಸೂರು ರಸ್ತೆಯ ಪಕ್ಕದವರಿಗೆ ತಡವಾಯಿತು, ಉಳಿದವರಿಗೆ ಇನ್ನೂ ಹೊತ್ತಿದೆ.

ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವುದು 1956ರ ಕಾಯ್ದೆಯ ಪ್ರಕಾರ. ಅಧಿಸೂಚನೆ ಕನ್ನಡ ಪತ್ರಿಕೆಯಲ್ಲೂ ಬರಬೇಕು. ಅದಾದ ಮೇಲೆ ಆಕ್ಷೇಪಣೆ ಕೊಡಲು ಇರುವುದು 21 ದಿನ. ಬೆದೆ ತಪ್ಪಿದ ಲೆಕ್ಕವೇ, ನೆನಪಿಟ್ಟುಕೊಳ್ಳುವುದು ಸುಲಭ. ಆದರೆ ಇದು ಮತ್ತೆ ಬರುವುದಿಲ್ಲ. ಆಕ್ಷೇಪಣೆ ಬರವಣಿಗೆಯಲ್ಲಿರಬೇಕು. "ಜಮೀನು ಕೊಡಲ್ಲ" ಎಂದೇ ಬರೆಯಬೇಕಾಗಿಲ್ಲ. "ನಮ್ಮ ಊರಿನ ಇಷ್ಟು ಹಸುಗಳು ದಿನಕ್ಕೆ ಎರಡು ಸಲ ಈ ಜಾಗದಲ್ಲಿ ದಾಟುತ್ತವೆ, ಇಲ್ಲಿ ದನ ದಾಟುವ ಕೆಳದಾರಿ ಬೇಕು, ಮಳೆನೀರಿಗೆ ಬೇರೆ ಮೋರಿ ಬೇಕು" ಎಂದು ಬರೆಯಿರಿ. ನೀರು ಹರಿಯುವ ಮೋರಿಯನ್ನೇ ದನದ ದಾರಿ ಎಂದು ತೋರಿಸಿದರೆ ಒಪ್ಪಬೇಡಿ. ಮೈಸೂರು ರಸ್ತೆಯ ರಾಮನಗರದ ಭಾಗದಲ್ಲಿ 2022ರ ಆಗಸ್ಟಿನಲ್ಲೂ, ಉದ್ಘಾಟನೆಯಾದ ತಿಂಗಳಲ್ಲೇ ಇನ್ನೊಮ್ಮೆಯೂ ಮಳೆನೀರು ನಿಂತಿದ್ದನ್ನು ಟಿವಿಯಲ್ಲಿ ನೀವೂ ನೋಡಿದ್ದೀರಿ. ಕಾರಿನವರಿಗೇ ಹಾಗಾದರೆ ದನದ ಪಾಡೇನು? ನಿಮ್ಮ ಸಂಘದ ಹಾಲು ಶೇಖರಣೆ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಯಾರ ಮನೆ ಯಾವ ಬದಿ, ಎಷ್ಟು ಲೀಟರು, ಎಷ್ಟು ಹಸು, ಎಲ್ಲ ಅದರಲ್ಲಿದೆ. ಅದರ ನಕಲು ಲಗತ್ತಿಸಿ.

ಅಳತೆಗೆ ಬಂದ ದಿನ ಗಂಡಸರ ಜತೆ ನೀವೂ ಹೋಗಿ ನಿಲ್ಲಿ. ಕೊಟ್ಟಿಗೆ, ಗೊಂತು, ಬೋರ್‌ವೆಲ್, ಗೋಬರ್ ಗ್ಯಾಸ್ ಗುಂಡಿ, ತೆಂಗಿನ ಮರ ಒಂದೊಂದನ್ನೂ ತೋರಿಸಿ ಬರೆಸಿ. ಬರೆಯದಿದ್ದಕ್ಕೆ ಪರಿಹಾರವಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ದನ ಇರುವ ಬಾಧಿತ ಕುಟುಂಬಕ್ಕೆ ಕೊಟ್ಟಿಗೆ ಕಟ್ಟಿಕೊಳ್ಳಲು ಕನಿಷ್ಠ 25,000 ರೂಪಾಯಿ ನೆರವು ಎಂದಿದೆ. ಹೆದ್ದಾರಿಗೆ ಹೋದ ಜಮೀನಿಗೂ ಆ ಪಟ್ಟಿ ಅನ್ವಯಿಸುತ್ತದೆ. ನಾನು ಕೇಳಿ ನೋಡಿದ ಮನೆಗಳಲ್ಲಿ ಇದು ಗೊತ್ತಿದ್ದ ಒಬ್ಬ ಹೆಂಗಸೂ ಸಿಗಲಿಲ್ಲ.

ಇನ್ನೊಂದು ಮಾತು ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳುತ್ತೇನೆ. ಪರಿಹಾರದ ಸುದ್ದಿ ಬಂದ ವಾರದಲ್ಲೇ ತವರಿನಿಂದ ಅಣ್ಣ ತಮ್ಮಂದಿರು ಹರಿಶಿನ ಕುಂಕುಮ, ಸೀರೆ ತಂದು, ಜತೆಗೊಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಾರೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರ ತಿದ್ದುಪಡಿಯಲ್ಲೇ ಆಗಿದೆ. ತವರನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಸಹಿ ಹಾಕುವ ಮುಂಚೆ ಒಂದು ರಾತ್ರಿ ಯೋಚಿಸಿ. ಪಾಲೆಲ್ಲ ಬೇಡವೆನಿಸಿದರೆ ನಿಮ್ಮ ಹೆಸರಿಗೆ ಹತ್ತು ಗುಂಟೆ ನೀರಾವರಿ ಜಮೀನು ಕೇಳಿ. ಹಾಗೆಯೇ ಗಂಡನ ಮನೆಯಲ್ಲಿ ಬಂದ ಹಣವನ್ನು ಜಂಟಿ ಖಾತೆಗೆ ಹಾಕಿಸಿ. ಅದರಲ್ಲಿ ಮೊದಲ ಖರ್ಚು ಮೇವಿನ ಜಾಗವಾಗಲಿ, ಕಾರು ಆಮೇಲೆ. ನಮ್ಮ ಮನೆಯವರು ಇದನ್ನು ಓದಿ ನಗುತ್ತಾರೆ, ಅವರಿಗೂ ಕಾರಿನ ಆಸೆ ಇದೆ.

ಈಗಾಗಲೇ ಹೋಳಾದ ಊರುಗಳಲ್ಲಿ ಮಾಡಬಹುದಾದ್ದು ಆಚೆ ಬದಿಗೊಂದು ಹಾಲು ಶೇಖರಣಾ ಉಪಕೇಂದ್ರ. ಒಂದು ತೂಕದ ಯಂತ್ರ, ಒಂದು ಪರೀಕ್ಷಾ ಯಂತ್ರ, ಒಂದು ಕೋಣೆ, ಆ ಬದಿಯ ಒಬ್ಬ ಹುಡುಗಿಗೆ ಕೆಲಸ. ವಾರ್ಷಿಕ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ, ಒಕ್ಕೂಟಕ್ಕೆ ಕಳಿಸಿ. ಊಟಕ್ಕೆ ಮುಂಚೆ ಎತ್ತಿ. ಊಟವಾದ ಮೇಲೆ ಕೇಳಿಸಿಕೊಳ್ಳುವವರು ಇರುವುದಿಲ್ಲ.

ಆ ಅಕ್ಕನ ಹಸು ಈಗ ಮತ್ತೆ ಗಬ್ಬ. ಏಳು ತಿಂಗಳು. ಮೊನ್ನೆ ಪರೀಕ್ಷೆ ಮಾಡಿ ಬಂದೆ, ಕರು ಚೆನ್ನಾಗಿದೆ. ಈ ಸಲವೂ ಕರು ಹಾಕುವುದು ಮಳೆಗಾಲದಲ್ಲೇ. ನನ್ನ ಬ್ಯಾಗಿನ ಡೈರಿಯಲ್ಲಿ ಅವರ ಮನೆಯ ಹೆಸರಿನ ಮುಂದೆ ಬರೆದುಕೊಂಡಿದ್ದೇನೆ: "ಮಳೆ ಬಂದಿದ್ದರೆ ಮೊದಲನೆಯದು ಬೇಡ, ನೇರ ಎರಡನೇ ಅಂಡರ್‌ಪಾಸ್." ಆ ಅಕ್ಕನಿಗೂ ಹೇಳಿದ್ದೇನೆ, ನೀರುಬುಡ್ಡೆ ಕಂಡ ಕೂಡಲೇ ಫೋನ್ ಮಾಡಿ, ಕಾಲು ಕಾಣುವ ತನಕ ಕಾಯಬೇಡಿ ಎಂದು.